ಅಟ್ಟವಿಲ್ಲದ ಇಳಿಜಾರು ಸೀಲಿಂಗ್: ಹಳೇ ಮನೆಗೆ ಇನ್ಸುಲೇಶನ್ ಹಾಕಿಸುವ ಮೊದಲು ಗಾಳಿ ನಿಲ್ಲಿಸಿ

ಬಾಸ್ಟನ್ ಹತ್ತಿರ 1958ರಲ್ಲಿ ಕಟ್ಟಿದ ಒಂದು ಮನೆ ಕೊಂಡೆವು. ಕೊಳ್ಳಲು ಅರ್ಧ ಕಾರಣ ಅದರ ಹಾಲ್. ಮೇಲೆ ಅಟ್ಟ ಇಲ್ಲ, ಮಾಡು ಹೇಗೆ ಇಳಿದಿದೆಯೋ ಸೀಲಿಂಗೂ ಹಾಗೇ ಇಳಿದಿದೆ, ಒಳಗಡೆ ಪೈನ್ ಹಲಗೆ. ಇಂಥದ್ದಕ್ಕೆ ಇಲ್ಲಿ ಕೆಥೀಡ್ರಲ್ ಸೀಲಿಂಗ್ ಅನ್ನುತ್ತಾರೆ. ಊರಿಂದ ಬಂದ ಅಮ್ಮ ತಲೆ ಎತ್ತಿ ನೋಡಿ, "ಇದೇನೋ, ನಮ್ಮ ಹೆಂಚಿನ ಮನೆ ಥರಾನೇ ಇದೆಯಲ್ಲೋ" ಅಂದರು.

ಎರಡನೇ ಚಳಿಗಾಲ, ಸಂಕ್ರಾಂತಿಗೆ ಮೂವತ್ತು ಜನ ಸೇರಿದ್ದೆವು. ಹೊರಗೆ ಮೈನಸ್ ಹದಿನೈದು, ಒಳಗೆ ಹುಗ್ಗಿ, ಬಿಸಿಬೇಳೆಬಾತು, ಕುಕ್ಕರಿನ ಕೂಗು. ಮಾರನೇ ದಿನ ಬಿಸಿಲು ಬಿದ್ದ ಮೇಲೆ ಸೀಲಿಂಗ್ ಹಲಗೆಯ ಸಂದಿಯಿಂದ ಸೋಫಾ ಮೇಲೆ ತೊಟ ತೊಟ ನೀರು. ಮಾಡು ಸೋರುತ್ತಿದೆ ಅಂದುಕೊಂಡು ರೂಫಿಂಗ್ ಕೆಲಸದವರೊಬ್ಬರನ್ನು ಕರೆಸಿದೆ. ಅವರು ಚಿಮಣಿ ಸುತ್ತ ಶಿಂಗಲ್ (ಇಲ್ಲಿ ಹೆಂಚಿನ ಬದಲು ಮಾಡಿಗೆ ಹೊದಿಸುವ ಹಾಳೆ) ಬದಲಿಸಿ ದುಡ್ಡು ತಗೊಂಡು ಹೋದರು. ಮುಂದಿನ ಚಳಿಗೆ ಮತ್ತೆ ಅದೇ ಕಥೆ. ಜೋರು ಮಳೆ ಬಂದರೆ ಒಂದು ಹನಿ ಇಲ್ಲ, ಚಳಿ ಬಿದ್ದು ಆಮೇಲೆ ಬಿಸಿಲು ಬಂದರೆ ಮಾತ್ರ ಸೋರುತ್ತೆ! ಆ ನೀರು ಮೇಲಿನಿಂದ ಬಂದದ್ದೇ ಅಲ್ಲ. ನಾವೇ ಒಳಗಿಂದ ಕಳಿಸಿದ್ದು.

ಇದು ಅರ್ಥವಾದರೆ ಉಳಿದ ಕೆಲಸ ಸುಲಭ, ಅದಕ್ಕೇ ಸ್ವಲ್ಪ ನಿಂತು ಹೇಳುತ್ತೇನೆ. ಮನೆಯೊಳಗೆ 21 ಡಿಗ್ರಿ ಸೆಲ್ಸಿಯಸ್ ಇದೆ, ತೇವಾಂಶ ಶೇ. 50 ಇದೆ ಅಂದುಕೊಳ್ಳಿ. ಆ ಗಾಳಿಯಲ್ಲಿನ ಆವಿ ಸುಮಾರು 10 ಡಿಗ್ರಿಗಿಂತ ತಣ್ಣಗಿರುವ ಯಾವುದನ್ನು ಮುಟ್ಟಿದರೂ ನೀರಾಗುತ್ತದೆ, ತಂಬಿಗೆಯಲ್ಲಿ ಐಸ್ ನೀರು ಹಾಕಿದರೆ ಹೊರಗೆ ಬೆವರುತ್ತದಲ್ಲ ಹಾಗೆ. ಜನವರಿಯಲ್ಲಿ ಶಿಂಗಲ್ ಕೆಳಗಿನ ಮರದ ಹಲಗೆ ಸೊನ್ನೆಗಿಂತ ಎಷ್ಟೋ ಕೆಳಗಿರುತ್ತದೆ. ಬಿಸಿ ಗಾಳಿ ಮೇಲಕ್ಕೇ ಏರುವುದು, ಪೈನ್ ಹಲಗೆಯ ಸಂದಿ, ಲೈಟಿನ ತೂತು, ಗೋಡೆ ಸೇರುವ ಅಂಚು ಎಲ್ಲೆಲ್ಲಿ ದಾರಿ ಸಿಕ್ಕಿತೋ ಅಲ್ಲೆಲ್ಲ ನುಗ್ಗಿ ಆ ತಣ್ಣನೆ ಹಲಗೆಗೆ ಮಂಜಾಗಿ ಅಂಟಿಕೊಳ್ಳುತ್ತದೆ. ಬಿಸಿಲು ಬಂದ ದಿನ ಕರಗಿ ಕೆಳಗೆ. ಶಾಖ ತಡೆಯಲು ಇನ್ಸುಲೇಶನ್ ಅಂತ ಹತ್ತಿಯಂಥ ಫೈಬರ್‌ಗ್ಲಾಸ್ ಎಷ್ಟು ತುಂಬಿದರೂ ಗಾಳಿ ಅದರೊಳಗಿಂದ ನುಸುಳಿ ಹೋಗುತ್ತದೆ. ಹಾಗಾಗಿ ಇನ್ಸುಲೇಶನ್ ಎರಡನೇ ಮಾತು. ಮೊದಲು ಗಾಳಿ.

ಅಮ್ಮ ಹೇಳಿದ ಹೆಂಚಿನ ಮನೆಗೂ ಇದಕ್ಕೂ ವ್ಯತ್ಯಾಸ ಇಲ್ಲೇ ಇರೋದು. ಮಂಗಳೂರು ಹೆಂಚಿನ ಮಾಡಿನಲ್ಲಿ ಪಕಾಸಿ, ರೀಪು, ಹೆಂಚು, ಅಷ್ಟೇ. ಸಂದಿಯಿಂದ ಗಾಳಿ ಆಡುತ್ತಲೇ ಇರುತ್ತದೆ, ಒದ್ದೆಯಾದದ್ದು ತಾನೇ ಒಣಗುತ್ತದೆ. ಇಲ್ಲಿ ಮೇಲೆ ಡಾಂಬರಿನ ಶಿಂಗಲ್ ಮುಚ್ಚಿದೆ, ಒಣಗಲು ದಾರಿ ನಾವೇ ಉಳಿಸಬೇಕು.

ಮೊದಲ ಹೆಜ್ಜೆ: ಒಳಗೆ ಏನಿದೆ ಅಂತ ನೋಡಿ

ಕಾಂಟ್ರಾಕ್ಟರ್ ಕರೆಯುವ ಮುಂಚೆ ನೀವೇ ನೋಡಿ. ಹಿಮ ಬಿದ್ದ ಮಾರನೇ ಬೆಳಿಗ್ಗೆ ಬೀದಿಗೆ ಹೋಗಿ ನಿಂತು ನಿಮ್ಮ ಮಾಡನ್ನೂ ಪಕ್ಕದ ಮನೆ ಮಾಡನ್ನೂ ಹೋಲಿಸಿ. ನಿಮ್ಮದು ಬೇಗ ಕರಗಿ ಪಟ್ಟೆ ಪಟ್ಟೆ ಕಾಣುತ್ತಿದ್ದರೆ ಶಾಖ ಅಲ್ಲಿಂದ ಹೋಗುತ್ತಿದೆ. ಕರಗಿದ ನೀರು ಸೂರಿನ ತುದಿಗೆ ಬಂದು ಮತ್ತೆ ಹೆಪ್ಪುಗಟ್ಟಿ ಒಡ್ಡು ಕಟ್ಟಿದ್ದರೆ, ಅದೇ ಐಸ್ ಡ್ಯಾಮ್. ಅದರ ಹಿಂದೆ ನಿಂತ ನೀರು ಶಿಂಗಲ್ ಅಡಿಗೆ ಹಿಂದಕ್ಕೆ ನುಗ್ಗುತ್ತದೆ.

ಒಳಗಡೆ ಪರೀಕ್ಷೆಗೆ ಊದುಬತ್ತಿ ಸಾಕು. ಗಾಳಿ ಇರುವ ಚಳಿ ದಿನ ಅಡುಗೆಮನೆ, ಬಚ್ಚಲ ಫ್ಯಾನ್‌ಗಳನ್ನೆಲ್ಲ ಹಾಕಿ, ಕಿಟಕಿ ಮುಚ್ಚಿ, ಊದುಬತ್ತಿಯನ್ನು ಹಲಗೆ ಸಂದಿ, ಲೈಟ್, ತೊಲೆ ಗೋಡೆಗೆ ಸೇರುವ ಜಾಗದಲ್ಲಿ ಹಿಡಿಯಿರಿ. ಹೊಗೆ ಎಲ್ಲಿ ಅಲುಗಾಡುತ್ತದೋ ಅಲ್ಲಿ ಗುರುತು ಹಾಕಿ. ಒಣ ಹುಲ್ಲಿನಂಥ ಹಳೇ ಹಲಗೆ, ಹುಷಾರು. ಇನ್ನೂ ಚೆನ್ನಾಗಿ ತಿಳಿಯಬೇಕೆಂದರೆ ಬ್ಲೋವರ್ ಡೋರ್ ಟೆಸ್ಟ್ ಮಾಡಿಸಿ. ಬಾಗಿಲಿಗೆ ದೊಡ್ಡ ಫ್ಯಾನ್ ಕೂರಿಸಿ 50 ಪ್ಯಾಸ್ಕಲ್ ಒತ್ತಡದ ವ್ಯತ್ಯಾಸ ಮಾಡುತ್ತಾರೆ, ಜೊತೆಗೆ ಥರ್ಮಲ್ ಕ್ಯಾಮೆರಾ ಹಿಡಿದರೆ ಮನೆಯ ತೂತುಗಳೆಲ್ಲ ಎಕ್ಸ್‌ರೇ ಥರ ಕಾಣುತ್ತವೆ. ಮ್ಯಾಸಚೂಸೆಟ್ಸ್‌ನಲ್ಲಿ ಇರುವವರಿಗೆ ಮಾಸ್ ಸೇವ್ ಅನ್ನುವ ಯೋಜನೆಯಲ್ಲಿ ಮನೆಯ ಎನರ್ಜಿ ತಪಾಸಣೆ ಪುಕ್ಕಟೆ. ಮೊದಲು ಅದನ್ನು ಬಳಸಿ. ಇನ್ಸುಲೇಶನ್‌ಗೆ ಇದ್ದ ಫೆಡರಲ್ ತೆರಿಗೆ ರಿಯಾಯಿತಿ 2025ರ ಡಿಸೆಂಬರ್ 31ಕ್ಕೆ ಮುಗಿದಿದೆ, ಅದನ್ನು ತೋರಿಸಿ ಯಾರಾದರೂ ಕೊಟೇಶನ್ ಕೊಟ್ಟರೆ ನಂಬಬೇಡಿ.

ಆಮೇಲೆ ಲೈಟ್ ಬಿಚ್ಚಿಯೋ, ಕಾಣದ ಮೂಲೆಯಲ್ಲಿ ಸಣ್ಣ ತೂತು ಕೊರೆದು ಫೋನಿಗೆ ಸಿಕ್ಕಿಸುವ ಬೋರ್‌ಸ್ಕೋಪ್ ಕ್ಯಾಮೆರಾ ಬಿಟ್ಟೋ ನಾಲ್ಕು ವಿಷಯ ತಿಳಿದುಕೊಳ್ಳಿ: ರಾಫ್ಟರ್ ಎಷ್ಟು ಆಳ, ಒಳಗೆ ಈಗ ಏನಿದೆ, ಸೂರಿನಿಂದ ನೆತ್ತಿವರೆಗೆ ಗಾಳಿ ಹೋಗುವ ಸಂದಿ ಇದೆಯೋ ಇಲ್ಲವೋ, ಮೇಲಿನ ಹಲಗೆ ಕಪ್ಪಾಗಿದೆಯೋ. ರಾಫ್ಟರ್ ಅಂದರೆ ನಮ್ಮ ಪಕಾಸಿಯ ಅಣ್ಣ. ಹೆಸರಿಗೆ 2×6 ಇಂಚು ಅಂದರೂ ಈಗಿನ ಮರ ಐದೂವರೆ ಇಂಚೇ ಇರುವುದು. 2×8 ಅಂದರೆ ಏಳೂಕಾಲು, 2×10 ಅಂದರೆ ಒಂಬತ್ತೂಕಾಲು. ಹಳೇ ಮನೆಯಲ್ಲಿ ಒಂದೆರಡು ನೂಲು ಜಾಸ್ತಿಯೇ ಇರುತ್ತದೆ, ಅಳೆದೇ ನೋಡಿ. ಮರದ ತೇವ ನೋಡುವ ಮೀಟರ್ ಅಗ್ಗಕ್ಕೆ ಸಿಗುತ್ತದೆ. ಶೇ. 20ರ ಮೇಲೆ ತೋರಿಸಿದರೆ ಇನ್ಸುಲೇಶನ್ ಮಾತು ಆಮೇಲೆ, ಮೊದಲು ಒಣಗಿಸಿ.

ಮುಟ್ಟುವ ಮುಂಚೆ

ಇದನ್ನು ದಾಟಿ ಮುಂದೆ ಹೋಗಬೇಡಿ. 1978ಕ್ಕೆ ಮುಂಚಿನ ಮನೆಯಾದರೆ ಬಣ್ಣದಲ್ಲಿ ಸೀಸ ಇರಬಹುದು. ಮುರಮುರ ಪಾಪ್‌ಕಾರ್ನ್ ಸೀಲಿಂಗ್ ಇದ್ದರೆ ಆಸ್ಬೆಸ್ಟೋಸ್ (ಉಸಿರಿಗೆ ಹೋದರೆ ಕ್ಯಾನ್ಸರ್ ತರುವ ನಾರು) ಇರಬಹುದು, ಲ್ಯಾಬಿಗೆ ಕಳಿಸಿ. ಒಳಗೆ ಹೊಳೆಯುವ ಕಂದು ಬೂದು ಬಣ್ಣದ ಹರಳಿನಂಥ ಕಾಳು ಕಂಡರೆ ಅದು ವರ್ಮಿಕ್ಯುಲೈಟ್ ಅನ್ನುವ ಹಳೇ ಇನ್ಸುಲೇಶನ್. ಅಮೆರಿಕದಲ್ಲಿ ಬಳಕೆಯಾದದ್ದರಲ್ಲಿ ಹೆಚ್ಚಿನದು ಮೊಂಟಾನಾದ ಲಿಬ್ಬಿ ಗಣಿಯದು, ಅದರಲ್ಲಿ ಆಸ್ಬೆಸ್ಟೋಸ್ ಬೆರೆತಿತ್ತು, ಆ ಗಣಿ 1990ರಲ್ಲಿ ಮುಚ್ಚಿತು. ಕೈ ಹಾಕಬೇಡಿ, ಗುಡಿಸಲೂ ಬೇಡಿ, ಲೈಸೆನ್ಸ್ ಇರುವವರನ್ನು ಕರೆಸಿ. 1940ಕ್ಕೂ ಹಿಂದಿನ ಮನೆಯಲ್ಲಿ ಪಿಂಗಾಣಿ ಗುಬುಟಿಗೆ ಕಟ್ಟಿ ಎಳೆದ ಬಿಡಿ ಬಿಡಿ ವೈರ್ ಸಿಕ್ಕರೆ, ಅದು ಗಾಳಿಯಲ್ಲಿ ತಣ್ಣಗಾಗಲಿ ಅಂತ ಹಾಗೆ ಹಾಕಿದ್ದು. ಅದರ ಮೇಲೆ ಇನ್ಸುಲೇಶನ್ ತುಂಬಿದರೆ ಬೆಂಕಿಗೆ ದಾರಿ. ಮೊದಲು ಎಲೆಕ್ಟ್ರಿಶಿಯನ್.

ಇನ್ನೊಂದು. ಹಾಲ್‌ನ ಅಡ್ಡಕ್ಕೆ ಗೋಡೆಯಿಂದ ಗೋಡೆಗೆ ತೊಲೆಗಳು ಕಾಣುತ್ತಿದ್ದರೆ "ಚಂದಕ್ಕೆ ಹಾಕಿದ್ದಾರೆ, ತೆಗೆದುಬಿಡೋಣ" ಅಂತ ಕತ್ತರಿಸಬೇಡಿ. ಎಷ್ಟೋ ಮನೆಗಳಲ್ಲಿ ಮಾಡಿನ ಭಾರಕ್ಕೆ ಗೋಡೆ ಹೊರಗೆ ಬಾಗದ ಹಾಗೆ ಹಿಡಿದಿರುವುದೇ ಅವು.

ಎಷ್ಟು ಬೇಕು

ಇಲ್ಲಿ ಇನ್ಸುಲೇಶನ್ನನ್ನು ಆರ್ ಅನ್ನುವ ಅಂಕಿಯಲ್ಲಿ ಅಳೆಯುತ್ತಾರೆ, ಜಾಸ್ತಿಯಾದಷ್ಟೂ ಒಳ್ಳೆಯದು. ಕೆನಡಾದ ಗೆಳೆಯರು ಇದನ್ನು ಸುಮಾರು 5.68ರಿಂದ ಭಾಗಿಸಿಕೊಳ್ಳಿ. ಫೈಬರ್‌ಗ್ಲಾಸ್ ಇಂಚಿಗೆ ಮೂರೂವರೆ ಆಸುಪಾಸು, ಕಲ್ಲಿನ ನಾರಿನ ರಾಕ್‌ವೂಲ್ ನಾಲ್ಕು ಚಿಲ್ಲರೆ, ಪಾಲಿಐಸೊ ಅನ್ನುವ ಗಟ್ಟಿ ಫೋಮ್ ಹಾಳೆ ಐದೂವರೆಯಿಂದ ಆರು, ಒಳಗಿನ ಗುಳ್ಳೆಗಳು ಮುಚ್ಚಿರುವ ಕ್ಲೋಸ್ಡ್ ಸೆಲ್ ಸ್ಪ್ರೇ ಫೋಮ್ ಆರರಿಂದ ಆರೂವರೆ. ಪಾಲಿಐಸೊ ತೀರಾ ಚಳಿಯಲ್ಲಿ ಸ್ವಲ್ಪ ಸೋಲುತ್ತದೆ, ಮಾಡಿನ ಮೇಲೆ ಹಾಕುವಾಗ ನಾನು ಇಂಚಿಗೆ ಐದು ಅಂತಲೇ ಲೆಕ್ಕ ಹಿಡಿದೆ.

ಮನೆ ಕಟ್ಟುವ ನಿಯಮಗಳಾದ 2021ರ ಎನರ್ಜಿ ಕೋಡ್ ಬಾಸ್ಟನ್‌ನಂಥ 5ನೇ ಹವಾಮಾನ ವಲಯಕ್ಕೆ (ಅಂಕಿ ಏರಿದಷ್ಟೂ ಚಳಿ ಜಾಸ್ತಿ) ಸೀಲಿಂಗಿಗೆ ಆರ್-60 ಕೇಳುತ್ತದೆ. ಅಟ್ಟವೇ ಇಲ್ಲದ ಸೀಲಿಂಗಿಗೆ ಜಾಗ ಸಾಲದಿದ್ದರೆ ಆರ್-30 ಸಾಕು ಅಂತ ಒಂದು ವಿನಾಯಿತಿ ಇದೆ, ಅದೂ 500 ಚದರ ಅಡಿ ಅಥವಾ ಒಟ್ಟು ಸೀಲಿಂಗಿನ ಶೇ. 20, ಯಾವುದು ಕಡಿಮೆಯೋ ಅಷ್ಟಕ್ಕೆ ಮಾತ್ರ. ಹಳೇ ಮನೆ ರಿಪೇರಿಗೆ ನಿಮ್ಮ ಊರಿನ ಇನ್‌ಸ್ಪೆಕ್ಟರ್ ಏನು ಒಪ್ಪುತ್ತಾರೆ ಅಂತ ಪರ್ಮಿಟ್ ತಗೊಳ್ಳುವಾಗಲೇ ಕೇಳಿ. ನನ್ನ ಅಭಿಪ್ರಾಯ ಕೇಳಿದರೆ, ಗಾಳಿ ಬಿಗಿಯಾಗಿ ನಿಲ್ಲಿಸಿದ ಆರ್-35, ಸಂದಿ ಬಿಟ್ಟ ಆರ್-60ಗಿಂತ ಎಷ್ಟೋ ವಾಸಿ.

ಮೇಲಿನಿಂದಲೋ, ಕೆಳಗಿನಿಂದಲೋ

ಇದನ್ನು ನಿರ್ಧರಿಸುವುದು ನಿಮ್ಮ ಶಿಂಗಲ್‌ನ ವಯಸ್ಸು. ಇನ್ನು ನಾಲ್ಕೈದು ವರ್ಷದಲ್ಲಿ ಹೇಗೂ ಬದಲಿಸಬೇಕಾದ ಮಾಡಾದರೆ ಈಗಲೇ ಬದಲಿಸಿ, ಇನ್ಸುಲೇಶನ್ ಮೇಲಿನಿಂದ ಹಾಕಿಸಿ. ಒಳಗಿನ ಪೈನ್ ಹಲಗೆಗೆ ಕೈ ಹಚ್ಚುವ ಹಾಗಿಲ್ಲ, ಮನೆಯೊಳಗೆ ಧೂಳಿಲ್ಲ, ಕೆಲಸವೂ ಗಟ್ಟಿ. ಶಿಂಗಲ್ ಹೊಸದು, ಒಳಗಿನ ಸೀಲಿಂಗ್ ಹಾಳಾಗಿದೆ ಅಂದರೆ ಕೆಳಗಿನಿಂದ. ಎರಡೂ ಚೆನ್ನಾಗಿದ್ದರೆ? ಹಲಗೆ ಸಂದಿ, ಲೈಟ್ ತೂತುಗಳನ್ನು ಮುಚ್ಚಿಸಿ, ತೇವ ಕಡಿಮೆ ಮಾಡಿ, ಶಿಂಗಲ್‌ಗೆ ವಯಸ್ಸಾಗುವವರೆಗೆ ಕಾಯಿರಿ. ಬೇಸರ ತರಿಸುವ ಸಲಹೆ, ಗೊತ್ತು.

*ಮೇಲಿನಿಂದ.* ನಾವು ಮಾಡಿಸಿದ್ದು ಇದು. ಹಳೇ ಶಿಂಗಲ್ ಪೂರ್ತಿ ಕಿತ್ತು, ಕೊಳೆತ ಹಲಗೆ ಬದಲಿಸಬೇಕು. ಹಲಗೆಯ ಮೇಲೆ ಅಂಟುವ ಮೆಂಬ್ರೇನ್ ಹಾಸಬೇಕು, ಗಾಳಿ ನಿಲ್ಲಿಸುವುದು ಇದೇ. ಇದು ಗೋಡೆಯ ಗಾಳಿ ತಡೆಗೆ ಸೂರಿನ ಹತ್ತಿರ ಸೇರಲೇಬೇಕು, ಎಲ್ಲರೂ ಎಡವುವ ಜಾಗ ಅದು. ಅದರ ಮೇಲೆ ಎರಡು ಇಂಚಿನ ಪಾಲಿಐಸೊ ಎರಡು ಪದರ, ಕೆಳಗಿನ ಪದರದ ಸಂದಿಯ ಮೇಲೆ ಮೇಲಿನ ಪದರದ ಸಂದಿ ಬರದ ಹಾಗೆ, ಇಟ್ಟಿಗೆ ಕಟ್ಟುವ ಹಾಗೆ ಬೆಸೆದು ಟೇಪ್ ಹಾಕಬೇಕು. ಮೇಲೆ ಉದ್ದಕ್ಕೆ 2×4 ಪಟ್ಟಿ, ಅದರ ಮೇಲೆ ಪ್ಲೈವುಡ್, ಆಮೇಲೆ ಶಿಂಗಲ್. ಪಟ್ಟಿಗಳ ನಡುವಿನ ಸಂದಿಯಲ್ಲಿ ಸೂರಿನಿಂದ ನೆತ್ತಿಗೆ ಗಾಳಿ ಹರಿಯುತ್ತದೆ, ಐಸ್ ಡ್ಯಾಮ್ ಕಾಟ ತಪ್ಪುತ್ತದೆ. ಉದ್ದನೆ ಸ್ಕ್ರೂಗಳು ಫೋಮ್ ದಾಟಿ ರಾಫ್ಟರ್‌ಗೇ ಕೂರಬೇಕು, ಬರೀ ಹಲಗೆಗೆ ಕೂತರೆ ಸಾಲದು.

ಇಲ್ಲಿ ಎರಡು ತಪ್ಪು ಪದೇ ಪದೇ ಆಗುತ್ತವೆ. ಒಂದು, ಮೇಲೆ ಫೋಮ್ ಹಾಕಿ ಕೆಳಗಿನ ಹಳೇ ಸಾಫಿಟ್ ವೆಂಟ್, ಅಂದರೆ ಸೂರಿನಡಿಯ ಗಾಳಿ ಕಿಂಡಿಯನ್ನು ಹಾಗೇ ಬಿಡುವುದು. ಫೋಮ್ ಅಡಿಗೆ ಚಳಿ ಗಾಳಿ ಆಡಿದರೆ ಆ ಫೋಮ್ ಹಾಕಿ ಏನು ಬಂತು? ರಾಫ್ಟರ್ ಸಂದಿಗೆ ಹೋಗುವ ಹಳೇ ದಾರಿಯನ್ನು ಮುಚ್ಚಲೇಬೇಕು. ಇನ್ನೊಂದು, ಮೇಲೆ ತೆಳ್ಳಗೆ ಒಂದಿಂಚು ಫೋಮ್ ಹಾಕಿ ರಾಫ್ಟರ್ ನಡುವೆ ದಪ್ಪಗೆ ಫೈಬರ್‌ಗ್ಲಾಸ್ ತುಂಬುವುದು. ಆಗ ಶಾಖ ಹಲಗೆವರೆಗೆ ಬರುವುದೇ ಇಲ್ಲ, ಹಲಗೆ ಮೊದಲಿಗಿಂತ ತಣ್ಣಗಾಗಿ ಇನ್ನಷ್ಟು ಬೆವರುತ್ತದೆ. ಹಲಗೆ ಬೆಚ್ಚಗಿರಲು 5ನೇ ವಲಯದಲ್ಲಿ ಮೇಲಿನ ಪದರ ಕನಿಷ್ಠ ಆರ್-20 ಇರಬೇಕು ಅನ್ನುತ್ತದೆ ಕೋಡ್. 6ನೇ ವಲಯಕ್ಕೆ, ಅಂದರೆ ಮಿನ್ನಿಯಾಪೊಲಿಸ್ ಕಡೆಯವರಿಗೆ, ಆರ್-25. 7ಕ್ಕೆ ಆರ್-30. ನಾಲ್ಕು ಇಂಚು ಪಾಲಿಐಸೊಗೆ ನಮಗೆ 20 ಬಂತು, ಕೆಳಗೆ 2×6 ನಡುವಿನ ಫೈಬರ್‌ಗ್ಲಾಸ್ ಸೇರಿ 40ರ ಹತ್ತಿರ.

ಮಾಡಿನ ದಪ್ಪ ಐದಾರು ಇಂಚು ಏರುತ್ತದೆ. ಸೂರಿನ ಅಂಚುಪಟ್ಟಿ, ಚಿಮಣಿ ಸುತ್ತಲಿನ ತಗಡು, ಸ್ಕೈಲೈಟ್, ಪ್ಲಂಬಿಂಗ್ ಪೈಪು ಎಲ್ಲ ಎತ್ತರಿಸಬೇಕು. ಕೊಟೇಶನ್‌ನಲ್ಲಿ ಇವುಗಳ ಹೆಸರು ಒಂದೊಂದೇ ಬರೆಸಿ. ಬರೆಸದೆ ಬಿಟ್ಟ ನನಗೆ ಸ್ಕೈಲೈಟ್‌ಗೆ ಬೇರೆ ಬಿಲ್ಲು ಬಂತು.

*ಕೆಳಗಿನಿಂದ, ಗಾಳಿ ಸಂದಿ ಬಿಟ್ಟು.* ಕೈಲಾಗುವವರು ಸ್ವಂತ ಮಾಡಿಕೊಳ್ಳಬಹುದಾದದ್ದು ಇದೊಂದೇ. ಆದರೆ ಪ್ರತಿ ರಾಫ್ಟರ್ ಸಂದಿಯೂ ಕೆಳಗೆ ಸಾಫಿಟ್‌ಗೆ, ಮೇಲೆ ನೆತ್ತಿಯ ರಿಡ್ಜ್ ವೆಂಟ್‌ಗೆ ತೆರೆದಿರಬೇಕು. ನಡುವೆ ಸ್ಕೈಲೈಟ್, ಚಿಮಣಿ, ಎರಡು ಮಾಡು ಕೂಡುವ ಕಣಿವೆ ಬಂದರೆ ಆ ಸಂದಿಗೆ ಗಾಳಿ ಇಲ್ಲ, ಈ ವಿಧಾನ ಅಲ್ಲಿ ನಡೆಯುವುದಿಲ್ಲ.

ಹಳೇ ಸೀಲಿಂಗ್, ಹಳೇ ಇನ್ಸುಲೇಶನ್ ತೆಗೆಯಿರಿ. ಮಾಸ್ಕ್, ಕನ್ನಡಕ, ಉದ್ದ ತೋಳಿನ ಅಂಗಿ. ಏಣಿ ಸಾಲದು, ಸ್ಕ್ಯಾಫೋಲ್ಡಿಂಗ್ ಬಾಡಿಗೆಗೆ ತನ್ನಿ. ಮೇಲಿನ ಹಲಗೆಗೂ ಇನ್ಸುಲೇಶನ್‌ಗೂ ನಡುವೆ ಕೋಡ್ ಪ್ರಕಾರ ಒಂದಿಂಚು ಸಂದಿ ಸಾಕು, ನಾನಾದರೆ ಒಂದೂವರೆಯಿಂದ ಎರಡು ಬಿಡುತ್ತೇನೆ. ಈ ಸಂದಿ ಉಳಿಸಲು ಅಂಗಡಿಯಲ್ಲಿ ಸಿಗುವ ತೆಳು ಪ್ಲಾಸ್ಟಿಕ್ ಬ್ಯಾಫಲ್ ಒತ್ತಿದರೆ ಮಡಚಿಕೊಳ್ಳುತ್ತದೆ. ಅದರ ಬದಲು ರಾಫ್ಟರ್ ಪಕ್ಕಕ್ಕೆ ಸಂದಿಯ ಅಳತೆಯ ರೀಪು ಹೊಡೆದು, ಅದರ ಮೇಲೆ ಗಟ್ಟಿ ಹಾಳೆ ಕೂರಿಸಿ ಅಂಚುಗಳಿಗೆ ಸೀಲಂಟ್ ಹಚ್ಚಿ. ಅದರ ಕೆಳಗೆ ಬ್ಯಾಟ್, ಅಂದರೆ ಹಾಸಿಗೆಯಂತೆ ಬರುವ ಫೈಬರ್‌ಗ್ಲಾಸ್ ಅಥವಾ ರಾಕ್‌ವೂಲ್ ತುಂಡು. ತುರುಕಬೇಡಿ, ಮೂಲೆಯಲ್ಲಿ ಜಾಗವೂ ಬಿಡಬೇಡಿ.

2×6 ರಾಫ್ಟರ್‌ನಲ್ಲಿ ಒಂದಿಂಚು ಸಂದಿ ಬಿಟ್ಟರೆ ಉಳಿಯುವುದು ನಾಲ್ಕೂವರೆ ಇಂಚು, ಆರ್ 16ರಿಂದ 19 ಬಂದರೆ ಹೆಚ್ಚು. 2×8ರಲ್ಲಿ ಒಂದೂವರೆ ಇಂಚು ಬಿಟ್ಟರೂ ಐದೂವರೆ ಇಂಚಿನ ಆರ್-23 ರಾಕ್‌ವೂಲ್ ಸಲೀಸಾಗಿ ಕೂರುತ್ತದೆ. ಆದರೆ ಎರಡೂ ಸಾಲದು, ಹಾಗಾಗಿ ರಾಫ್ಟರ್ ಕೆಳಗೆ ಅಡ್ಡಲಾಗಿ ಎರಡು ಇಂಚಿನ ಪಾಲಿಐಸೊ ಹಾಳೆಯನ್ನು ಇಡೀ ಸೀಲಿಂಗಿಗೆ ಹೊಡೆಯಿರಿ, ಇನ್ನೊಂದು ಆರ್-11 ಸಿಗುತ್ತದೆ. ಅದಕ್ಕಿಂತ ಮುಖ್ಯ, ಪ್ರತಿ ಸಂದಿಗೆ ಫಾಯಿಲ್ ಟೇಪ್ ಹಾಕಿ ಅಂಚಿನಲ್ಲಿ ಗೋಡೆಗೆ ಫೋಮ್ ಹೊಡೆದರೆ ಒಂದೇ ಏಟಿಗೆ ಗಾಳಿಯೂ ನಿಂತಿತು. ಈ ಟೇಪ್ ಕೆಲಸಕ್ಕೆ ಒಂದಿಡೀ ದಿನ ಇಡಿ, ಇಡೀ ಪ್ರಾಜೆಕ್ಟ್‌ನ ಪ್ರಾಣ ಅದೇ. ಕೆಳಗೆ 1×3 ಪಟ್ಟಿ, ಅದಕ್ಕೆ ಡ್ರೈವಾಲ್, ಅಂದರೆ ಜಿಪ್ಸಮ್ ಹಲಗೆ. ಫೋಮನ್ನು ಬೆತ್ತಲೆ ಬಿಡುವ ಹಾಗಿಲ್ಲ, ಬೆಂಕಿಗೆ ತಡೆಯಾಗಿ ಅರ್ಧ ಇಂಚು ಡ್ರೈವಾಲ್ ಬೇಕು. ಪೈನ್ ಹಲಗೆ ಮೋಹ ಬಿಡದವರು ಡ್ರೈವಾಲ್ ಹೊಡೆದ ಮೇಲೆ ಅದರ ಮೇಲೆ ಹಲಗೆ ಹೊಡೆಯಿರಿ.

ಸೀಲಿಂಗ್ ಕೊರೆದು ಒಳಗೆ ಹುದುಗಿಸುವ ಗುಂಡಿ ಲೈಟ್ ಮಾತ್ರ ಬೇಡ. ಇಳಿಜಾರು ಸೀಲಿಂಗಿನಲ್ಲಿ ಅವು ಒಂದೊಂದೂ ಒಂದೊಂದು ಚಿಮಣಿ. ಟ್ರ್ಯಾಕ್ ಲೈಟ್ ಹಾಕಿ.

*ಕೆಳಗಿನಿಂದ, ಸ್ಪ್ರೇ ಫೋಮ್.* ಗಾಳಿ ಸಂದಿಗೆ ದಾರಿ ಇಲ್ಲದ, ಕಣಿವೆ ಸ್ಕೈಲೈಟ್ ಜಾಸ್ತಿ ಇರುವ ಮಾಡಿಗೆ ಇದೇ ಗತಿ. ದುಬಾರಿ. ಕ್ಲೋಸ್ಡ್ ಸೆಲ್ ಫೋಮನ್ನು ನೇರ ಹಲಗೆಗೆ ಅಂಟುವ ಹಾಗೆ ಹೊಡೆಯುತ್ತಾರೆ. 5ನೇ ವಲಯದಲ್ಲಿ ಕನಿಷ್ಠ ಮೂರು ಇಂಚು ಚಿಲ್ಲರೆ ಹೊಡೆಸಿ ಆ ಆರ್-20 ತಲುಪಿದ ಮೇಲೆ, ಉಳಿದ ಜಾಗಕ್ಕೆ ಬ್ಯಾಟ್ ತುಂಬಿ ಖರ್ಚು ಉಳಿಸಬಹುದು. ಗುಳ್ಳೆಗಳು ತೆರೆದಿರುವ ಓಪನ್ ಸೆಲ್ ಫೋಮ್ ಅಗ್ಗ ಅಂತ ಹೇಳಿದರೆ ಚಳಿ ಊರಿನವರು ಒಪ್ಪಬೇಡಿ, ಆವಿ ಅದರೊಳಗಿಂದ ಹಲಗೆಗೆ ಹೋಗುತ್ತದೆ.

ಫೋಮ್ ಅಂದರೆ ಮನೆಯಲ್ಲೇ ನಡೆಯುವ ರಸಾಯನಶಾಸ್ತ್ರ. ಹಲಗೆ ತೀರಾ ತಣ್ಣಗಿದ್ದರೆ, ಒದ್ದೆ ಇದ್ದರೆ, ಎರಡು ರಾಸಾಯನಿಕದ ಪ್ರಮಾಣ ತಪ್ಪಿದರೆ, ಒಂದೇ ಸಲ ದಪ್ಪಗೆ ಹೊಡೆದು ಒಳಗೇ ಕಾದರೆ ಫೋಮ್ ಸೀಳುತ್ತದೆ, ಮೀನಿನಂಥ ವಾಸನೆ ತಿಂಗಳುಗಟ್ಟಲೆ ಬಿಡುವುದಿಲ್ಲ. ಹಾಗಾಗಿ ತೆಳು ತೆಳು ಪದರದಲ್ಲಿ, ನಡುವೆ ತಣಿಯಲು ಬಿಟ್ಟು ಹೊಡೆಯಬೇಕು. ಆ ದಿನ ಮನೆಯವರೆಲ್ಲ, ಬೆಕ್ಕು ನಾಯಿ ಸಮೇತ, ಬೇರೆ ಕಡೆ ಮಲಗಿ. ಕನಿಷ್ಠ 24 ಗಂಟೆ ಅನ್ನುತ್ತಾರೆ.

ಅಗ್ಗದ ದಾರಿಗಳು

ನನಗೆ ಬಂದ ಮೂರು ಕೊಟೇಶನ್‌ನಲ್ಲಿ ಎರಡು ಹೀಗಿದ್ದವು: ಸೀಲಿಂಗಿಗೆ ತೂತು ಕೊರೆದು ಪೈಪಿನಿಂದ ಸೆಲ್ಯುಲೋಸ್ (ಕಾಗದದ ಚೂರಿನ ಇನ್ಸುಲೇಶನ್) ಊದಿ ಗಟ್ಟಿಯಾಗಿ ತುಂಬಿಬಿಡುತ್ತೇವೆ, ಒಂದೇ ದಿನದ ಕೆಲಸ. ಕೇಳಲು ಚೆಂದ. ಆದರೆ ಗಾಳಿ ಸಂದಿ ಮುಚ್ಚಿಹೋಗುತ್ತದೆ, ಮೇಲೆ ಫೋಮೂ ಇಲ್ಲ, ಹಲಗೆ ತಣ್ಣಗೆ, ಒಣಗುವ ದಾರಿಯೂ ಇಲ್ಲ. ಎಷ್ಟೋ ಮನೆಗಳಲ್ಲಿ ಏನೂ ಆಗದೆ ನಡೆದಿದೆ ನಿಜ, ಪೈನ್ ಹಲಗೆ ಸೀಲಿಂಗಿನ ಅಡಿ ದಿನಾ ಅನ್ನ ಸಾರು ಕುದಿಸುವ ಮನೆಯಲ್ಲಿ ನಾನು ಆ ಜೂಜು ಆಡಲಿಲ್ಲ. ಫೋಮ್ ಹಾಳೆಯನ್ನು ತುಂಡು ತುಂಡು ಕತ್ತರಿಸಿ ರಾಫ್ಟರ್ ನಡುವೆ ಹಲಗೆಗೆ ಅಂಟಿಸುವುದೂ ಬೇಡ. ಮರ ಹಿಗ್ಗಿ ಕುಗ್ಗಿದ ಹಾಗೆ ಅಂಚಿನ ಸೀಲಂಟ್ ಬಿಡುತ್ತದೆ, ಬಿಟ್ಟ ಕಡೆಯೇ ಕೊಳೆಯುತ್ತದೆ. ಮೇಲೆ ಫೋಮ್ ಹಾಕಿಸಿದವರು ಒಳಗೂ ಪ್ಲಾಸ್ಟಿಕ್ ಹಾಳೆ ಹೊಡೆಸಬೇಡಿ. ಎರಡೂ ಕಡೆ ಮುಚ್ಚಿದರೆ ನಡುವಿನ ಮರಕ್ಕೆ ಉಸಿರಿಲ್ಲ.

ಕೆಲಸ ಮುಗಿದ ಮೇಲೆ

ಅಡುಗೆಮನೆಯ ಹುಡ್ ನೋಡಿ. ಇಲ್ಲಿನ ಎಷ್ಟೋ ಮನೆಗಳಲ್ಲಿ ಅದು ಹೊರಗೆ ಹೋಗುವುದೇ ಇಲ್ಲ, ಒಂದು ಜಾಲರಿ ದಾಟಿಸಿ ಮತ್ತೆ ನಿಮ್ಮ ಮುಖಕ್ಕೇ ಊದುತ್ತದೆ. ಒಗ್ಗರಣೆ ಘಾಟು ಹೋಗದಿದ್ದರೆ ಆವಿಯೂ ಹೋಗಿಲ್ಲ ಅಂತಲೇ. ಪೈಪ್ ಹಾಕಿಸಿ ಹೊರಗೆ ಬಿಡಿ. ಬಚ್ಚಲ ಫ್ಯಾನೂ ಹಾಗೇ, ರಾಫ್ಟರ್ ಸಂದಿಗೆ ಬಿಟ್ಟಿರುವುದನ್ನು ನಾನೇ ನಮ್ಮ ಮನೆಯಲ್ಲಿ ಕಂಡಿದ್ದೇನೆ. ಚಳಿಗಾಲದಲ್ಲಿ ಬಟ್ಟೆ ಹಾಲ್‌ನಲ್ಲಿ ಒಣಹಾಕುವುದು, ರಾತ್ರಿಯೆಲ್ಲ ಹ್ಯುಮಿಡಿಫೈಯರ್ ಓಡಿಸುವುದು ಕಡಿಮೆ ಮಾಡಿ. ಹತ್ತು ಡಾಲರಿನ ತೇವಾಂಶ ಮೀಟರ್ ತಂದು ಹಾಲ್‌ನಲ್ಲಿಡಿ, ತೀರಾ ಚಳಿಯಲ್ಲಿ ಶೇ. 30 ರಿಂದ 40ರ ಒಳಗಿರಲಿ. ಬ್ಲೋವರ್ ಡೋರ್ ಟೆಸ್ಟನ್ನು ಡ್ರೈವಾಲ್ ಮುಚ್ಚುವ ಮುಂಚೆ ಇನ್ನೊಮ್ಮೆ ಮಾಡಿಸಿ, ಉಳಿದ ತೂತು ಆಗಲೇ ಸಿಗುತ್ತವೆ.

ಹಾಗೆಯೇ ಮುಚ್ಚುವ ಮುಂಚೆ ಪ್ರತಿ ರಾಫ್ಟರ್‌ಗೂ ಅಳತೆ ಟೇಪ್ ಹಿಡಿದು ಫೋಟೋ ತೆಗೆದಿಟ್ಟುಕೊಳ್ಳಿ, ವೈರ್ ಎಲ್ಲಿ ಹೋಗಿದೆ ಅನ್ನುವುದೂ ಕಾಣಲಿ. ಆರು ತಿಂಗಳಿಗೆ ಅಮ್ಮ ಮತ್ತೆ ಬಂದಾಗ ಹಾಲ್‌ನಲ್ಲಿ ಉಯ್ಯಾಲೆ ತೂಗುಹಾಕು ಅಂದರು. ಫೋಟೋ ಇದ್ದದ್ದಕ್ಕೆ ಕೊಕ್ಕೆ ನೇರ ರಾಫ್ಟರ್‌ಗೇ ಕೂತಿತು, ಒಂದೂ ಸುಮ್ನೆ ತೂತಾಗಲಿಲ್ಲ, ಕೊಕ್ಕೆ ಸುತ್ತ ಒಂದು ಚೂರು ಸೀಲಂಟ್ ಹಚ್ಚಿದೆ.